ಜ್ಯೋತಿಲಕ್ಷ್ಮಿಯ ಡ್ರಮ್ಮಿಗೆ ಹೆಪ್ಪು

ಜ್ಯೋತಿಲಕ್ಷ್ಮಿ ಕೂತಿದ್ದನ್ನು ನಾನು ಹೆಚ್ಚು ನೋಡಿಲ್ಲ. ಹೆಗ್ಗನಹಳ್ಳಿಯ ನಮ್ಮ ವಠಾರದಲ್ಲಿ ಅವಳ ಮನೆ ನನ್ನ ಮನೆಗೆ ಎದುರು. ನಡುವೆ ಒಂದು ನಲ್ಲಿ, ಒಂದು ಒಗೆಯುವ ಕಲ್ಲು, ಒಂದು ನುಗ್ಗೆಮರ. ಕಾಫಿ ಕುಡಿಯುವಾಗಲೂ ಅವಳು ಲೋಟ ಹಿಡಿದು ನಲ್ಲಿಯ ತನಕ ಹೋಗಿ ಬರುತ್ತಾಳೆ.

"ಒಂದ್ ಗಳಿಗೆ ಕೂತ್ಕೊಂಡು ಕುಡಿಯೇ," ಎಂದರೆ, "ಕೂತ್ರೆ ಮೈಯೆಲ್ಲ ಇರುವೆ ಹರಿದಂಗಾಗತ್ತೆ ಇಂದ್ರಮ್ಮಾರೇ," ಎನ್ನುತ್ತಾಳೆ.

ಮದುವೆಯಾಗಿ ಬಂದ ಹೊಸತರಲ್ಲಿ ಊದುಬತ್ತಿ ಹೊಸೆಯಲು ಸೇರಿದ್ದಳು. ಮಣೆ ಮುಂದೆ ಕೂರಬೇಕಿತ್ತು, ಬಿಟ್ಟಳು. ಗಾರ್ಮೆಂಟ್ಸಿಗೆ ಹೋದಳು. ಅಲ್ಲೂ ಮೆಷಿನ್ ಮುಂದೆ ಕೂರಬೇಕು. ಸೂಪರ್‌ವೈಸರ್ ಒಂದು ದಿನ, "ಏನಮ್ಮಾ, ನಿನ್ ಸ್ಟೂಲಲ್ಲಿ ಮುಳ್ಳಿದ್ಯಾ?" ಎಂದು ಕೇಳಿದನಂತೆ. ಮಾರನೆಯ ದಿನದಿಂದ ಅದಕ್ಕೂ ಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ಬನಿಯನ್ ವೇಸ್ಟ್ ತೊಳೆಯುವ ಕೆಲಸ. ಸುಂಕದಕಟ್ಟೆ ಕಡೆಯ ಲೇತ್ ಶಾಪುಗಳಲ್ಲಿ, ಗ್ಯಾರೇಜುಗಳಲ್ಲಿ ಮೆಷಿನ್ ಒರೆಸಲು ಬನಿಯನ್ ಬಟ್ಟೆಯ ತುಂಡುಗಳನ್ನು ಇಟ್ಟುಕೊಂಡಿರುತ್ತಾರೆ. ಅವು ಎಣ್ಣೆ, ಗ್ರೀಸು ಕುಡಿದು ಕರಿ ಮುದ್ದೆಯಾದ ಮೇಲೆ ಗೋಣಿಚೀಲಕ್ಕೆ ತುಂಬಿ ಇವಳ ಹತ್ತಿರ ಕಳಿಸುತ್ತಾರೆ. ಇವಳು ಕಾಸ್ಟಿಕ್ ಸೋಡಾ ಹಾಕಿ ಕುದಿಸಿ, ಕಲ್ಲಿಗೆ ಬಡಿದು, ಹಿಂಡಿ, ಒಣಗಿಸಿ ವಾಪಸು ಕೊಡುತ್ತಾಳೆ. ನಿಂತು ಮಾಡುವ ಕೆಲಸ, ಓಡಾಡಿಕೊಂಡಿರುವ ಕೆಲಸ. ಅವಳ ಕಾಲಿಗೆ ಅದು ಒಗ್ಗಿತು. ಕೈಗೆ ಒಗ್ಗಲಿಲ್ಲ.

ಕಾಸ್ಟಿಕ್ ಸೋಡಾ ಬಟ್ಟೆಯ ಎಣ್ಣೆಯನ್ನು ಎಳೆದ ಹಾಗೆ ಚರ್ಮದ ಎಣ್ಣೆಯನ್ನೂ ಎಳೆದುಬಿಡುತ್ತದೆ. ವರ್ಷಗಳು ಕಳೆದಂತೆ ಅವಳ ಅಂಗೈ ಬೇಸಿಗೆಯ ಕೆರೆಯ ತಳದ ಹಾಗೆ ಬಿರಿಯಿತು. ಗ್ಲೌಸ್ ಹಾಕಿ ನೋಡಿದಳು. ಬಟ್ಟೆ ಜಾರುತ್ತದೆ, ಒಳಗೆ ಬೆವರು ಕಟ್ಟಿ ಉರಿಯುತ್ತದೆ ಎಂದು ಕಿತ್ತೆಸೆದಳು. ಚರ್ಮದ ಡಾಕ್ಟರು ಸೋಡಾ ಬಿಡಿ ಎಂದರು. "ನಾನ್ ಸೋಡಾ ಬಿಟ್ರೆ ಎಣ್ಣೆ ಬಟ್ಟೇನ ಬಿಡಬೇಕಲ್ಲ ಡಾಕ್ಟ್ರೇ," ಎಂದು ಹೇಳಿ ಬಂದಳು.

ಕೈ ಹೇಗಿದ್ದರೂ ನಡೆಯುತ್ತಿತ್ತು, ಮಗಳು ಬಸುರಿಯಾಗುವ ತನಕ.

ಮಗಳು ಚೇತನಾಳನ್ನು ಕೆಂಗೇರಿಗೆ ಕೊಟ್ಟಿದೆ. ಒಳ್ಳೆಯ ಜನ. ಸೀಮಂತದ ದಿನ ನಾನೂ ಹೋಗಿದ್ದೆ. ಯಾರದೋ ಎಳೆಗೂಸನ್ನು ಜ್ಯೋತಿಲಕ್ಷ್ಮಿ ಎತ್ತಿಕೊಂಡು ಕೆನ್ನೆ ಸವರಿದಳು. ಮಗು ಕಿಟಾರನೆ ಕಿರುಚಿತು. ಕೆನ್ನೆಯ ಮೇಲೆ ಕೆಂಪಗೆ ಒಂದು ಗೀರು. ಬೀಗಿತ್ತಿ ಅದನ್ನು ಕಂಡು, ಊಟವಾದ ಮೇಲೆ ಇವಳನ್ನು ಪಕ್ಕಕ್ಕೆ ಕರೆದರು.

"ಜ್ಯೋತಿಯವ್ರೇ, ತಪ್ಪು ತಿಳ್ಕೋಬೇಡಿ. ಹಸುಗೂಸಿಗೆ ಎಣ್ಣೆ ಒತ್ತಿ ನೀರು ಹಾಕೋಕೆ ಈ ಕೈಲಿ ಆಗತ್ತಾ? ಬಾಣಂತನ ನಮ್ಮನೇಲೇ ಆಗ್ಲಿ ಬಿಡಿ."

ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು. ಅದು ಎಲ್ಲರಿಗೂ ಗೊತ್ತು, ಬೀಗಿತ್ತಿಗೂ ಗೊತ್ತು. ಅವರು ಕೊಂಕು ಮಾತಾಡಿದವರಲ್ಲ. ಇದ್ದದ್ದನ್ನು ಹೇಳಿದರು, ಅದೇ ಇವಳನ್ನು ಹೆಚ್ಚು ಚುಚ್ಚಿತು.

"ದೀಪಾವಳಿ ಮುಂಚೆ ಒಂದ್ಸಲ ಮನೆಗೆ ಬಂದು ನನ್ ಕೈ ನೋಡಿ ಅತ್ತಿಗೆ. ಆಮೇಲೆ ನೀವ್ ಹೇಳ್ದಂಗೆ," ಎಂದಳು.

ಅಂದಿನಿಂದ ಅವಳಿಗೊಂದು ಚಾಳಿ ಹತ್ತಿತು. ಮಗುವಿಗೆ ಸುತ್ತಲೆಂದು ತೆಗೆದಿಟ್ಟಿದ್ದ ಹಳೆಯ ವಾಯಿಲ್ ಸೀರೆಯೊಂದಿತ್ತು, ಒಗೆದು ಒಗೆದು ಹಾಲಿನ ಕೆನೆಯಂತಾಗಿದ್ದದ್ದು. ಸಂಜೆಯಾದರೆ ಅದನ್ನು ಬಾಗಿಲಲ್ಲಿ ನಿಂತು ಅಂಗೈ ಮೇಲೆ ಎಳೆದುಕೊಳ್ಳುವಳು. ಪರ್ರ್ ಎಂದು ನೂಲು ಸಿಕ್ಕಿಕೊಳ್ಳುವ ಸದ್ದು ನಮ್ಮ ಜಗಲಿಯ ತನಕ ಕೇಳುತ್ತಿತ್ತು. ಮಡಚಿ ಒಳಗಿಡುವಳು. ಸ್ವಲ್ಪ ಹೊತ್ತಿಗೆ ಮತ್ತೆ ತರುವಳು, ಅಷ್ಟರಲ್ಲಿ ಕೈ ಬದಲಾಗಿಬಿಟ್ಟಿದೆಯೇನೋ ಎಂಬಂತೆ.

ಆ ದಿನಗಳಲ್ಲೇ ಮಾಳವಿಕಾ ಸ್ಕೂಟರಿನಲ್ಲಿ ಬಂದಳು. ಮಹಾಲಕ್ಷ್ಮಿ ಲೇಔಟಿನ ಹುಡುಗಿ, ಕಾಲೇಜಿನಲ್ಲಿ ಏನೋ ಸಂಶೋಧನೆ ಮಾಡುತ್ತಾಳೆ.

"ಆಂಟಿ, ನೆನಪಿದ್ಯಾ? ಹೋದ್ವರ್ಷ ನಿಮ್ ಕಲ್ಲಿನ ಪಕ್ಕದ ಮಣ್ಣು ತಗೊಂಡ್ ಹೋಗಿದ್ನಲ್ಲ."

"ಪೊಲ್ಯೂಷನ್ ಬೋರ್ಡಿನೋರು ಅಂತ ನಮ್ನ ಹೆದರ್ಸಿದ್ರಲ್ಲ, ನೀವೇ ತಾನೆ?"

"ನಾನೆಲ್ಲಿ ಹೆದರ್ಸಿದೆ? ನೀವೇ ಹೆದರ್ಕೊಂಡು ಚೀಲ ಎಲ್ಲ ಮಂಚದ ಕೆಳಗೆ ತಳ್ಳಿದ್ರಿ."

ಮಾಳವಿಕಾ ಒಂದು ತಟ್ಟೆ ಕೇಳಿದಳು. ಅದಕ್ಕೆ ನೀರು ಹಾಕಿ, ಮೇಲೆ ಚೀಲದಿಂದ ಹಿಂಡಿದ ಕರಿ ಎಣ್ಣೆ ಬಿಟ್ಟಳು. ಎಣ್ಣೆ ತಟ್ಟೆಯ ತುಂಬ ಹರಡಿಕೊಂಡಿತು. ತಾನು ತಂದಿದ್ದ ಬಾಟಲಿಯಿಂದ ಒಂದೇ ಒಂದು ಹನಿಯನ್ನು ನಡುವೆ ಹಾಕಿದಳು. ನಾಯಿಯನ್ನು ಕಂಡ ಕೋಳಿಗಳು ಚದುರುವಂತೆ ಎಣ್ಣೆಯೆಲ್ಲ ಸರಕ್ಕನೆ ಅಂಚಿಗೆ ಓಡಿತು. ನಡುವೆ ತಟ್ಟೆಯ ತಳ ಫಳಫಳ ಕಂಡಿತು.

"ಏನ್ ಸೋಪು ಇದು?" ಎಂದಳು ಜ್ಯೋತಿಲಕ್ಷ್ಮಿ.

"ನಿಮ್ಮ ಮಣ್ಣಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ಮಾಡಿರೋ ಸೋಪು ಆಂಟಿ. ಎಣ್ಣೆ ಬಿದ್ದ ಜಾಗದಲ್ಲಿ ಬದುಕ್ಬೇಕಲ್ಲ ಅವು. ಮುದ್ದೆಯಾಗಿರೋ ಎಣ್ಣೆ ಅವುಗಳ ಬಾಯಿಗೆ ಸಿಗಲ್ಲ. ಅದಕ್ಕೆ ತಾವೇ ಸೋಪಿನಂಥದ್ದನ್ನ ಹೊರಗೆ ಬಿಡ್ತವೆ, ಎಣ್ಣೆ ಒಡೆದು ನೀರಲ್ಲಿ ಸೇರ್ಕೊಳತ್ತೆ."

"ಕಣ್ಣಿಗೆ ಕಾಣ್ದೇ ಇರೋ ಹುಳ ಸೋಪು ಮಾಡತ್ತಾ?"

"ಹೂಂ. ಎಣ್ಣೆ ಟ್ಯಾಂಕಿನ ತಳದ ಗಸಿ ಎಬ್ಬಿಸೋಕೆ, ಸಮುದ್ರಕ್ಕೆ ಚೆಲ್ಲಿದ ಎಣ್ಣೆ ತೆಗೆಯೋಕೆ ಇಂಥದ್ದನ್ನ ಬಳಸ್ತಾರೆ. ಗಿಡಕ್ಕೆ ಹೊಡೆಯೋ ಔಷಧಿ ಎಲೆ ಮೇಲಿಂದ ಜಾರ್ದೇ ಇರ್ಲಿ ಅಂತಾನೂ ಸೇರಿಸ್ತಾರೆ. ಮುಖಕ್ಕೆ ಹಚ್ಚೋ ಕ್ರೀಮಿಗೂ ಹಾಕ್ತಾರೆ."

"ಕೇಳಿದ್ರಾ ಇಂದ್ರಮ್ಮಾರೇ, ಮುಖಕ್ಕೆ ಹಚ್ಚೋದನ್ನ ನಾನು ಬನಿಯನ್ ವೇಸ್ಟಿಗೆ ಹಚ್ಚಬೇಕಂತೆ!" ಎಂದು ನಕ್ಕಳು. ನಗುತ್ತಲೇ ಬಾಟಲಿಯನ್ನು ಕೈಗೆ ತೆಗೆದುಕೊಂಡಿದ್ದಳು.

ಮಾಳವಿಕಾ ಹೇಳಿಕೊಟ್ಟಂತೆ ನೀಲಿ ಡ್ರಮ್ಮಿನಲ್ಲಿ ಬೆಚ್ಚನೆಯ ನೀರು, ಬೆಲ್ಲದ ನೀರು, ಬಾಟಲಿಯಲ್ಲಿದ್ದ ಬ್ಯಾಕ್ಟೀರಿಯಾ ಎಲ್ಲ ಸೇರಿತು. ಅವಕ್ಕೂ ಉಸಿರು ಬೇಕಂತೆ. ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಪಂಪಿನ ಕೊಳವೆಯನ್ನು ಒಳಗೆ ಇಳಿಬಿಟ್ಟರು. ಹಗಲೂ ರಾತ್ರಿ ಗುರ್ರ್ ಎಂದು ಸದ್ದು. ರೋಗ ತರುವ ಜಾತಿ ಅಲ್ಲ, ಪರೀಕ್ಷೆ ಮಾಡಿಸಿದ್ದೇನೆ ಎಂದಳು ಮಾಳವಿಕಾ. ಆದರೂ ಊಟದ ಪಾತ್ರೆ, ಮಗು ಇವುಗಳ ಹತ್ತಿರ ತರಬಾರದು, ಬಿರುಕು ಮಾಯುವ ತನಕ ಗ್ಲೌಸ್ ಬಿಚ್ಚಬಾರದು, ಇದಿನ್ನೂ ಪ್ರಯೋಗವಷ್ಟೇ ಎಂದು ಒತ್ತಿ ಒತ್ತಿ ಹೇಳಿದಳು.

ಬಟ್ಟೆಯನ್ನು ಅದರಲ್ಲಿ ಒಂದು ರಾತ್ರಿ ನೆನೆಹಾಕಬೇಕು. ಕುದಿಸುವ ಹಾಗಿಲ್ಲ, ಬಡಿಯುವ ಹಾಗಿಲ್ಲ. ಸುಮ್ಮನೆ ಬಿಟ್ಟಿರಬೇಕು. ಸುಮ್ಮನೆ ಬಿಡುವುದು ಜ್ಯೋತಿಲಕ್ಷ್ಮಿಗೆ ಬಾರದ ವಿದ್ಯೆ. ಹೋದಾಗ ಬಂದಾಗ ಮುಚ್ಚಳ ಎತ್ತಿ ಇಣುಕುವಳು. ಗಂಡ ಮಹದೇವ್ ಲೇತ್ ಶಾಪಿನಲ್ಲಿ ಕೆಲಸ ಮಾಡುವವನು. "ಬಸ್ರಿ ಮಗಳಾ, ಡ್ರಮ್ಮಾ? ಅವಳನ್ನೂ ಇಷ್ಟು ಸಲ ಮಾತಾಡ್ಸಲ್ಲ ನೀನು," ಎಂದು ರೇಗಿಸುವನು. ಬೆಳಗ್ಗೆ ನೋಡಿದರೆ ಕರಿ ಎಣ್ಣೆ ಮೇಲೆ ತೇಲುತ್ತಿತ್ತು. ಅದನ್ನು ಸೌಟಿನಲ್ಲಿ ತೆಗೆದು ಬಟ್ಟೆ ಜಾಲಿಸಿದರೆ ಮುಗಿಯಿತು. ಗಟ್ಟಿ ಗ್ರೀಸಿದ್ದರೆ ಮಾತ್ರ ಇನ್ನೊಂದು ರಾತ್ರಿ ಬೇಕು.

ಪ್ರತಿಸಲವೂ ಹಳೆಯ ನೀರಿನಲ್ಲಿ ಒಂದು ಪಾಲು ಉಳಿಸಿಕೊಂಡು ಅದರ ಮೇಲೆ ಹೊಸ ನೀರು, ಬೆಲ್ಲ ಹಾಕಬೇಕು. "ಇದು ಹೆಪ್ಪೇ ಬಿಡಿ," ಎಂದಳು ಜ್ಯೋತಿಲಕ್ಷ್ಮಿ. ಹೆಪ್ಪು ಎಂದ ಮೇಲೆ ಹೆಪ್ಪಿನ ಶಾಸ್ತ್ರವೆಲ್ಲ ಅದಕ್ಕೂ ಬಂತು. ಎಂಜಲು ಕೈಯಲ್ಲಿ ಮುಟ್ಟುವ ಹಾಗಿಲ್ಲ. ದೀಪ ಹಚ್ಚಿದ ಮೇಲೆ ಯಾರಿಗೂ ಕೊಡುವ ಹಾಗಿಲ್ಲ.

ಜಗಳ ಶುರುವಾಗಿದ್ದೇ ಅಲ್ಲಿ. ವಠಾರದ ಕೊನೆಯ ಶೆಡ್ಡಿನಲ್ಲಿರುವ ಪಾರವ್ವನದೂ ಇದೇ ಕೆಲಸ. ಗದಗದ ಕಡೆಯವಳು, ಬಂದು ಬಹಳ ಕಾಲವಾದರೂ ಮಾತು ಇನ್ನೂ ಊರಿನದೇ. ಅವಳ ಕೈಯೂ ಬಿರಿದದ್ದೇ. ಒಂದು ಸಂಜೆ ಬಕೆಟ್ ಹಿಡಿದು ಬಂದಳು.

"ಜ್ಯೋತವ್ವಾ, ನಿನ್ನ ಡ್ರಮ್ಮಿನ ನೀರು ನನಗೂ ಒಂದೀಟು ಕೊಡಬೇ."

"ದೀಪ ಹಚ್ಚಾಯ್ತಲ್ಲ ಪಾರಕ್ಕ. ಹೆಪ್ಪು ಕೊಡಲ್ಲ ಈಗ. ಬೆಳಗ್ಗೆ ಬನ್ನಿ."

"ಅಯ್ಯ ನಮ್ಮವ್ವ! ಗಟಾರದಾಗಿನ ಮಣ್ಣಿನ ನೀರಿಗೆ ಮೊಸರಿನ ಮಡಿ ಏನ? ಕೊಡಾಕ ಮನಸಿಲ್ಲ ಅನ್ನು, ಸಾಕು."

ಬಕೆಟ್ ಸದ್ದು ಮಾಡಿಕೊಂಡು ಹೊರಟೇಹೋದಳು. ಮಾರನೆಯ ಬೆಳಗ್ಗೆ ಜ್ಯೋತಿಲಕ್ಷ್ಮಿ ತಾನೇ ಒಂದು ಎಣ್ಣೆ ಕ್ಯಾನಿನಲ್ಲಿ ತುಂಬಿಕೊಂಡು ಹೋದಳು. ಪಾರವ್ವ ಮುಖ ಎತ್ತಲಿಲ್ಲ. "ಅಲ್ಲೇ ಇಡು," ಎಂದಳು. ಇವಳು ಕಲ್ಲಿನ ಕೆಳಗೆ ಇಟ್ಟು ಬಂದಳು. ಆಮೇಲೂ ಅವಳ ಶೆಡ್ಡಿನಿಂದ ಬರುತ್ತಿದ್ದದ್ದು ಸೋಡಾ ಕುದಿಯುವ ನಾತವೇ. ಮಾತು ನಿಂತುಹೋಯಿತು.

ನವರಾತ್ರಿ ಹೊತ್ತಿಗೆ ವಾಯಿಲ್ ಸೀರೆಯ ಸದ್ದು ಇಳಿಯುತ್ತ ಬಂದಿತ್ತು. ಪರ್ರ್ ಎನ್ನುತ್ತಿದ್ದದ್ದು ಸರ್ ಎನ್ನುವಷ್ಟಾಗಿತ್ತು. ಎಡಗೈಯಂತೂ ಹೆಚ್ಚುಕಡಿಮೆ ಮಾದಿತ್ತು.

ಆಯುಧಪೂಜೆಯ ಬೆಳಗ್ಗೆ ಅವಳು ಬೂದುಗುಂಬಳ, ಬಾಳೆಕಂದು ತರಲು ಸುಂಕದಕಟ್ಟೆಗೆ ಹೋದಳು. ಮಹದೇವ್ ತನ್ನ ಸ್ಪ್ಯಾನರು, ಸುತ್ತಿಗೆ, ಸೈಕಲ್ಲು ಎಲ್ಲ ತೊಳೆದು ಸಾಲಾಗಿ ಇಟ್ಟ. ಆಮೇಲೆ ಅವನ ಕಣ್ಣು ಡ್ರಮ್ಮಿನ ಮೇಲೆ ಬಿತ್ತು. ಅವನಿಗೆ ತನ್ನದು ಹೇಗೆ ಆಯುಧವೋ ಹೆಂಡತಿಯದೂ ಹಾಗೇ. ನಾನು ಒಳಗೆ ಕಡುಬಿಗೆ ಕಣಕ ನಾದುತ್ತಿದ್ದೆ. ನೀರು ಸುರಿದ ಸದ್ದು, ಉಜ್ಜುವ ಸದ್ದು ಕೇಳಿತು. ಹಬ್ಬದ ದಿನ ಎಲ್ಲ ಮನೆಯಲ್ಲೂ ಅದೇ ಸದ್ದು, ಗಮನ ಕೊಡಲಿಲ್ಲ. ಹೊರಗೆ ಬಂದಾಗ ಏನೋ ಬಿಕೋ ಎನಿಸಿತು. ಪಂಪಿನ ಗುರ್ರ್ ಇರಲಿಲ್ಲ.

ಜ್ಯೋತಿಲಕ್ಷ್ಮಿ ಕುಂಬಳಕಾಯಿ ಹೊತ್ತು ಒಳಗೆ ಬಂದಳು. ಡ್ರಮ್ಮು ನುಗ್ಗೆಮರದ ಕೆಳಗೆ ನೀಲಿಗೆ ಹೊಳೆಯುತ್ತಿತ್ತು. ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ.

"ನೋಡು, ಹೆಂಗಿದೆ? ಅಂಗಡಿಯಿಂದ ಈಗ ತಂದಂಗೆ," ಎಂದ ಮಹದೇವ್. "ಕುದಿಯೋ ನೀರು ಸುರಿದು, ಸೋಡಾ ಹಾಕಿ ಉಜ್ಜಿದೀನಿ. ಏನ್ ನಾತ ಕಣೇ ಒಳಗೆ! ತಳದಲ್ಲೆಲ್ಲ ಲೋಳೆ."

ಅವಳು ಕುಂಬಳಕಾಯಿಯನ್ನು ಇಳಿಸಲಿಲ್ಲ. ಹೊತ್ತುಕೊಂಡೇ ಮೋರಿಯ ತನಕ ನಡೆದು ಬಗ್ಗಿ ನೋಡಿದಳು. ಮೋರಿಯಲ್ಲಿ ಹೂವಿನ ಎಸಳು ಹರಿದುಹೋಗುತ್ತಿತ್ತು.

"ಹೆಪ್ಪು ಎತ್ತಿಟ್ಟಿದೀರಾ?" ಎಂದಳು.

ಅವನಿಗೆ ಆಗ ಹೊಳೆಯಿತು. ಇನ್ನೊಂದು ದಿನವಾಗಿದ್ದರೆ ವಠಾರ ಎದ್ದುಹೋಗುವಂತೆ ಬೈಯುತ್ತಿದ್ದಳೇನೋ. ಗಂಡ ತನ್ನ ಡ್ರಮ್ಮಿಗೆ ಹಾರ ಹಾಕಿದ್ದಾನೆ, ಹಬ್ಬದ ದಿನ, ಹೇಗೆ ಬೈಯುವುದು? ಒಳಗೆ ಹೋಗಿ ಮಾಳವಿಕಾಗೆ ಫೋನ್ ಹಚ್ಚಿದಳು.

"ಅಯ್ಯೋ ಆಂಟಿ! ಲ್ಯಾಬಿನ ಫ್ರಿಡ್ಜಲ್ಲಿ ಇದೆ, ಆದ್ರೆ ರಜ, ಬೀಗ ಹಾಕಿದಾರೆ. ನಾನೂ ಊರಲ್ಲಿಲ್ಲ. ಕಾಲೇಜು ತೆಗೆದ ಮೇಲೆ ಅದನ್ನ ಎಬ್ಬಿಸಿ, ಬೆಳೆಸಿ... ದೀಪಾವಳಿ ಕಳೆದೇ ಹೋಗತ್ತೆ."

ದೀಪಾವಳಿ ಮುಂಚೆಯೇ ಬೀಗಿತ್ತಿ ಬರುವುದು. ಹಬ್ಬ ಕಳೆದ ಮೇಲೆ ಚೀಲಗಳು ಬಂದು ಬಿದ್ದವು. ಆಯುಧಪೂಜೆಗೆ ಎಲ್ಲ ಶಾಪಿನಲ್ಲೂ ಮೆಷಿನ್ ಒರೆಸಿರುತ್ತಾರೆ, ವರ್ಷದಲ್ಲಿ ಅಷ್ಟು ಕೊಳೆ ಬಟ್ಟೆ ಇನ್ನು ಯಾವಾಗಲೂ ಬರುವುದಿಲ್ಲ. ಶಾಪಿನ ರುದ್ರೇಶ ಚೀಲ ಇಳಿಸಿ, "ಅಕ್ಕಾ, ಬೇಗ ಬೇಕು, ಲೇಟಾದ್ರೆ ಬೇರೆ ಕಡೆ ಕೊಡ್ತೀನಿ, ಬೇಜಾರ್ ಮಾಡ್ಕೋಬೇಡಿ," ಎಂದು ಹೇಳಿ ಹೋದ.

ಅವಳು ಸೋಡಾ ಪ್ಯಾಕೆಟ್ ಬಿಚ್ಚಿದಳು, ಮಡಚಿದಳು. ಒಲೆ ಹಚ್ಚಿದಳು, ಆರಿಸಿದಳು. ನಲ್ಲಿಗೂ ಬಾಗಿಲಿಗೂ ಓಡಾಡಿ ಓಡಾಡಿ ಅಂಗಳದ ರಂಗೋಲಿ ಅಳಿಸಿಹೋಯಿತು. ನನಗೇ ತಲೆ ಸುತ್ತಿದಂತಾಗಿ, "ಪಾರವ್ವನಿಗೆ ಒಂದು ಕ್ಯಾನು ಕೊಟ್ಟಿದ್ಯಲ್ಲೇ," ಎಂದೆ.

ನಿಂತಳು. "ಅವಳು ಅವತ್ತೇ ಚೆಲ್ಲಿರ್ತಾಳೆ."

"ಚೆಲ್ಲಿದ ಸದ್ದು ನಾನಂತೂ ಕೇಳಿಲ್ಲ."

ಮಾತು ಬಿಟ್ಟವರ ಬಾಗಿಲಿಗೆ ಹೋಗುವುದು ಸುಲಭವಲ್ಲ. ಹೋಗಲೋ ಬೇಡವೋ ಎಂದು ನುಗ್ಗೆಮರಕ್ಕೆ ಸುತ್ತು ಹಾಕುತ್ತಲೇ ಮಧ್ಯಾಹ್ನ ಕಳೆಯಿತು. ಕೊನೆಗೆ ಮುಸ್ಸಂಜೆಯಲ್ಲಿ ಸೆರಗು ಸಿಕ್ಕಿಸಿ ಹೊರಟಳು. ನಾನೂ ಜೊತೆಗೆ ಹೋದೆ. ಪಾರವ್ವ ಆಗಷ್ಟೇ ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಹಚ್ಚಿ ಏಳುತ್ತಿದ್ದಳು.

"ಪಾರಕ್ಕ, ಆ ಕ್ಯಾನು ಇದ್ಯಾ?"

ಪಾರವ್ವ ಇವಳನ್ನು ನೋಡಿದಳು, ಉರಿಯುತ್ತಿದ್ದ ದೀಪವನ್ನು ನೋಡಿದಳು. ಸೊಂಟದ ಮೇಲೆ ಕೈಯಿಟ್ಟಳು.

"ದೀಪ ಹಚ್ಚೇನಲ್ಲಬೇ. ಹೆಪ್ಪು ಕೊಡಾಂಗಿಲ್ಲ ಈಗ. ಮುಂಜಾನೆ ಬಾ."

ಜ್ಯೋತಿಲಕ್ಷ್ಮಿಯ ಮುಖ ಕೆಂಪಾಯಿತು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದೆ. ವಾಪಸು ಬರುವಾಗ ಅವಳು, "ಬೇಕಂತಲೇ ಆಡ್ಸಿದ್ಲು ನೋಡಿ," ಎಂದಳು. "ನಿನ್ನ ಶಾಸ್ತ್ರಾನೇ ಕಣೇ," ಎಂದೆ. ಕ್ಯಾನಿನಲ್ಲಿ ಏನಾದರೂ ಉಳಿದಿದೆಯೋ ಇಲ್ಲವೋ ಎಂದು ಮಾತ್ರ ಆ ಮಹಾತಾಯಿ ಬಾಯಿಬಿಟ್ಟಿರಲಿಲ್ಲ. ಬೆಳಗಾಗುವುದನ್ನು ಇವಳು ಹೇಗೆ ಕಾದಳೋ, ಅವಳ ಚಪ್ಪಲಿ ಸದ್ದು ಕೇಳಿಕೊಂಡೇ ನಾನು ನಿದ್ದೆ ಹೋದೆ.

ಬೆಳಗ್ಗೆ ನಾವು ಹೋಗುವ ಮೊದಲೇ ಪಾರವ್ವ ಬಂದಳು, ಸೊಂಟದ ಮೇಲೆ ಮಗುವಿನ ಹಾಗೆ ಕ್ಯಾನು ಇಟ್ಟುಕೊಂಡು. ಮುಚ್ಚಳದ ಬದಲು ಬಟ್ಟೆ ಕಟ್ಟಿದ್ದಳು.

"ಒಂದಿನ ಉಬ್ಬಿ ಮುಚ್ಚಳ ಹಾರಿ ನನ್ನ ಹಣಿಗೆ ಬಡೀತು. ಅವತ್ತಿಂದ ಅರಿವಿ ಕಟ್ಟೀನಿ. ಆಗಾಗ ಬೆಲ್ಲದ ನೀರು ಹಾಕೀನಿ, ಅಳ್ಳಾಡ್ಸೀನಿ."

"ಬಳಸ್ಲಿಲ್ಲ ಯಾಕೆ ಮತ್ತೆ?"

"ನಿನ್ನ ಮ್ಯಾಲೆ ಸಿಟ್ಟಿತ್ತು."

"ಬೆಲ್ಲ ಹಾಕಿದ್ರಲ್ಲ?"

"ಸಿಟ್ಟು ನಿನ್ನ ಮ್ಯಾಲಬೇ. ಅದೇನು ಮಾಡೇತಿ? ಜೀವ ಐತಿ ಅಂತಾರ, ಉಪವಾಸ ಕೆಡವಾಕ ಆಕ್ಕೇತೇನು?"

ಜ್ಯೋತಿಲಕ್ಷ್ಮಿ ಬಟ್ಟೆ ಬಿಚ್ಚಿ ಮೂಸಿದಳು. ಹಳೆಯ ಕಲಗಚ್ಚಿನ ಹುಳಿ ವಾಸನೆ ಇತ್ತು. ಅದೇ ವಾಸನೆ. ತಟ್ಟೆಗೆ ನೀರು, ಎಣ್ಣೆ ಹಾಕಿ ಒಂದು ಹನಿ ಬಿಟ್ಟಳು. ಮೂವರೂ ಬಗ್ಗಿ ನೋಡಿದೆವು. ಎಣ್ಣೆ ಓಡಲಿಲ್ಲ. ಸೋಮಾರಿಯ ಹಾಗೆ ಒಂದಿಷ್ಟು ಸರಿದು ನಿಂತಿತು.

"ಸೊರಗೈತಿ. ಮೇಯಿಸಿದ್ರ ಏಳತೈತಿ," ಎಂದಳು ಪಾರವ್ವ.

ಡ್ರಮ್ಮನ್ನು ನೀರಿನಲ್ಲಿ ಜಾಲಿಸಿ ಜಾಲಿಸಿ ಸೋಡಾ ಬಿಡಿಸಿದರು. ಹೆಪ್ಪು ಬಿತ್ತು, ಬೆಲ್ಲ ಬಿತ್ತು, ಪಂಪು ಗುರ್ರ್ ಎಂದಿತು. ಅದು ಏಳುವ ತನಕ ಚೀಲಗಳು ಗೋಡೆಗೆ ಒರಗಿ ಕೂತಿದ್ದವು. ರುದ್ರೇಶನ ಫೋನು ಬಂದರೆ ಮಹದೇವನೇ ಎತ್ತಿ, "ಸಾರ್, ತಪ್ಪು ನಂದು, ಎರಡು ದಿನ ತಡ್ಕೊಳಿ," ಎನ್ನುವನು. ಒಂದು ಚೀಲವನ್ನು ರುದ್ರೇಶ ಬಂದು ಹೊತ್ತುಕೊಂಡು ಹೋಗಿಯೇಬಿಟ್ಟ. ಆ ದಿನ ಅವಳು ಸೋಡಾ ಪ್ಯಾಕೆಟನ್ನು ಒಲೆಯ ಪಕ್ಕಕ್ಕೆ ತಂದಿಟ್ಟಳು. ಪಾರವ್ವ ಅದನ್ನು ಎತ್ತಿಕೊಂಡು, "ಇದು ನನ್ನ ಕೈಗೆ ಇರಲಿ. ನನಗೇನು ಬಾಣಂತನ ಮಾಡೋದೈತಿ?" ಎಂದು ಅರ್ಜೆಂಟಿನ ಎರಡು ಚೀಲ ತನ್ನ ಶೆಡ್ಡಿಗೆ ಎಳೆದುಕೊಂಡು ಹೋದಳು.

ಹೆಪ್ಪು ಎದ್ದಿತು. ಒಂದು ಬೆಳಗ್ಗೆ ಡ್ರಮ್ಮಿನ ಮೇಲೆ ಬಿಳಿ ನೊರೆ ಮುಚ್ಚಳ ಎತ್ತಿಕೊಂಡು ನಿಂತಿತ್ತು. ಮೊದಲ ಕ್ಯಾನು ತುಂಬಿಸಿ ಅವಳು ಪಾರವ್ವನ ಶೆಡ್ಡಿಗೆ ಕೊಟ್ಟಳು, ಬೆಳಕಿರುವಾಗಲೇ.

ಬೀಗಿತ್ತಿ ಬಂದರು. ಕಾಫಿ ಕುಡಿದರು. ಅದೂ ಇದೂ ಮಾತಾಡಿದರು. ಜ್ಯೋತಿಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋದಳು, ಹೊರಗೆ ಬಂದಳು. ಕೊನೆಗೆ ತಡೆಯಲಾರದೆ ಎರಡೂ ಅಂಗೈಯನ್ನು ಅವರ ಮುಂದೆ ಚಾಚಿಬಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು.

"ಎಡಗೈ ಪರವಾಗಿಲ್ಲ. ಬಲಗೈ ಹೆಬ್ಬೆಟ್ಟಿನ ಹತ್ರ ಇನ್ನೂ ಒರಟು."

"ಅದೂ ಹೋಗತ್ತೆ ಅತ್ತಿಗೆ."

"ಹೋದ್ರೆ ಒಳ್ಳೇದು. ಹೋಗ್ದಿದ್ರೆ ಎಡಗೈಲಿ ಒತ್ತಿ." ಲೋಟ ಕೆಳಗಿಟ್ಟರು. "ಹುಡುಗೀನ ಕಳಿಸ್ತೀನಿ. ಆದ್ರೆ ಮೊದಲ ನೀರಿಗೆ ನಾನು ಬಂದು ನಿಂತು ನೋಡ್ತೀನಿ, ಈಗ್ಲೇ ಹೇಳಿದೀನಿ."

ಚೇತನಾಗೆ ಹೆಣ್ಣು ಮಗು. ಡ್ರಮ್ಮನ್ನು ಮಹದೇವ್ ವಠಾರದ ಆ ಕೊನೆಗೆ, ಪಾರವ್ವನ ಶೆಡ್ಡಿನ ಪಕ್ಕಕ್ಕೆ ಸಾಗಿಸಿದ. ಶುಕ್ರವಾರ ಅದಕ್ಕೆ ಕುಂಕುಮ ಇಡುತ್ತಾನೆ, ಹೊರಗಡೆ ಮಾತ್ರ, ಮುಚ್ಚಳ ಮುಟ್ಟದೆ.

ಮೊದಲ ನೀರಿನ ದಿನ ಬೀಗಿತ್ತಿ ಬಚ್ಚಲ ಬಾಗಿಲಲ್ಲಿ ನಿಂತರು. ಜ್ಯೋತಿಲಕ್ಷ್ಮಿ ಕಡಲೆಹಿಟ್ಟು ಹಾಕಿ ಮೊಣಕೈ ತನಕ ಕೈ ತೊಳೆದು, ಮಣೆಯ ಮೇಲೆ ಕೂತು ಕಾಲು ಚಾಚಿದಳು. ಮಗುವನ್ನು ಕಾಲ ಮೇಲೆ ಮಲಗಿಸಿದೆವು. ಪಾರವ್ವ ಚೊಂಬಿನಲ್ಲಿ ಹದವಾಗಿ ನೀರು ಹುಯ್ದಳು. ಎಡಗೈ ಮಗುವಿನ ಬೆನ್ನಿನ ಮೇಲೆ ಇಳಿಯಿತು, ಹತ್ತಿತು. ಬಲಗೈಯ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿದಿದ್ದಳು. ಮಗು ಒಂದು ಸಲ ಮುಖ ಸಿಂಡರಿಸಿತು. ನಾವೆಲ್ಲ ಉಸಿರು ಹಿಡಿದೆವು. ಅದು ಆಕಳಿಸಿತು.

ವಾಯಿಲ್ ಸೀರೆಯಲ್ಲಿ ಒರೆಸುವಾಗ ನಾನು ಕಿವಿಗೊಟ್ಟು ಕೇಳಿದೆ. ಸದ್ದಿರಲಿಲ್ಲ.

ಅಷ್ಟರಲ್ಲಿ ಅವಳೇ ತಲೆಯೆತ್ತಿದಳು. "ಇಂದ್ರಮ್ಮಾರೇ, ಪಂಪು ನಿಂತೋಗಿದೆ. ಕೇಳಿಸ್ತಾ ಇಲ್ಲ. ಯಾರಾದ್ರೂ ನೋಡಿ." ಕಾಲು ಅಲುಗಿತು, ಮಗುವೂ ಅಲುಗಿತು.

"ಕರೆಂಟು ಹೋಗಿದೆ ಕಣೇ," ಎಂದೆ. "ಬರತ್ತೆ. ಮಗು ಕಾಲ ಮೇಲಿದೆ, ಕೂತ್ಕೋ."

"ಕೂತೇ ಇದೀನಲ್ಲ," ಎಂದಳು, ಪಾರವ್ವನ ಶೆಡ್ಡಿನ ಕಡೆ ಕತ್ತು ಉದ್ದ ಮಾಡಿಕೊಂಡು.